ಕುರಿಮಂದೆಯ ದಾರಿಯಲ್ಲಿ

ಕಳೆದ ಮಾಗಿಯಲ್ಲಿ ಚನ್ನಗಿರಿಯ ಕಡೆಯ ಹಳೆಯ ಮಿತ್ರರೊಬ್ಬರನ್ನು ಕಾಣಲು ಮೋಟಾರಿನಲ್ಲಿ ಹೊರಟೆನು. ನ್ಯಾಮತಿಯಲ್ಲಿ ಕಾಫಿ, ಹೊನ್ನಾಳಿಯಲ್ಲಿ ತುಂಗಭದ್ರೆಯ ದರ್ಶನ. ಮಿತ್ರರೊಡನೆ ಸೂಳೆಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದುದೂ ಆಯಿತು. ಮರಳುವಾಗ ಜಗಳೂರಿನ ಕಡೆಯ ಕುರಿಮಂದೆಯೊಂದು ದಾರಿಗೆ ಅಡ್ಡವಾಯಿತು. ಚಾಲಕನು ಹಾರನ್ ಒತ್ತಹೋದನು. "ತಾಳಪ್ಪ, ಮಂದೆ ಚದರೀತು" ಎಂದು ಮಿತ್ರರು ತಡೆದರು.

ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆ ಗಂಜಲಗಳೇ ಗೊಬ್ಬರ. ಅದಕ್ಕಾಗಿ ರೈತನು ಕುರುಬನಿಗೆ ಕಾಳನ್ನೋ ಹಣವನ್ನೋ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಈಗ ಭದ್ರಾ ನಾಲೆಯ ಕೆಳಗೆ ಗದ್ದೆಗಳು ಅಡಕೆಯ ತೋಟಗಳಾಗುತ್ತಿವೆ. ತೋಟವೆಂದ ಮೇಲೆ ಬೇಲಿ. ಮಿತ್ರರ ಗದ್ದೆಯೂ ಹಾಗೆಯೇ ಆಗಿದೆ.

"ನಿಮ್ಮಪ್ಪಾರ ಕಾಲ್ದಾಗೆ ಇಲ್ಲೇ ತರುಬುತ್ತಿದ್ವಿ, ಗೌಡ್ರೆ" ಎಂದು ಮುದುಕ ಕುರುಬನು ಬೇಲಿಯತ್ತ ನೋಡಿದನು. ಮಿತ್ರರು ಮಾತಾಡಲಿಲ್ಲ.

ಮರುದಿನ ಜಗಳೂರಿಗೆ ಹೋದೆವು. ನೀರು ಕಡಮೆ, ಕುರುಚಲು ಗುಡ್ಡ, ಹೆಗಲ ಮೇಲೆ ಕರಿಯ ಕಂಬಳಿ. ಅಲ್ಲಿನ ರಂಗಯ್ಯನದುರ್ಗವು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ಹೆಸರಿಗೆ ಕುರಿಯಾದರೂ ಅದು ನಾಲ್ಕು ಕೊಂಬಿನ ಹುಲ್ಲೆ! ನಿಜವಾದ ಕುರಿಗಳು ಮಾತ್ರ ಮೇವನ್ನರಸಿ ಊರು ಬಿಟ್ಟಿದ್ದುವು.

ಹಿಂದಿರುಗುವಾಗ ಮಿತ್ರರು ಬಹಳ ಹೊತ್ತಿನ ಮೇಲೆ, "ಮೇಲಿನ ಬೆದ್ದಲಿಗೆ ಇನ್ನೂ ಬೇಲಿ ಹಾಕಿಸಿಲ್ಲ, ಅವನಿಗೆ ಹೇಳಿ ಕಳುಹಿಸುತ್ತೇನೆ" ಎಂದರು.