ನಾಯಕತ್ವ ಮತ್ತು ಮನುಷ್ಯ ಸಂಬಂಧ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ನಾಯಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆ, ಮೈಕು, ಹೂವಿನ ಹಾರ. ಆದರೆ ತನ್ನ ಜೊತೆಗಿರುವವರ ಹೆಸರು, ಕಷ್ಟಸುಖ ತಿಳಿಯದವನು ಎಷ್ಟು ದೊಡ್ಡ ಕುರ್ಚಿಯಲ್ಲಿ ಕುಳಿತರೂ ಅವರನ್ನು ಮುನ್ನಡೆಸಲಾರ. ಇಂದು ನಾನು ಹೇಳಬಯಸುವುದು ಈ ಒಂದು ಮಾತನ್ನೇ.

ನಮಗೆ ಇದು ಹೊಸ ಪಾಠವೇನಲ್ಲ. ಹಿಜರಿ 5ರಲ್ಲಿ ಮದೀನಾದ ರಕ್ಷಣೆಗಾಗಿ ಕಂದಕ ತೋಡುವಾಗ ಪ್ರವಾದಿ ಮುಹಮ್ಮದ್(ಸ) ಸಂಗಡಿಗರೊಂದಿಗೆ ತಾವೂ ಮಣ್ಣು ಹೊತ್ತರು, ಅವರ ಹಸಿವಿನಲ್ಲಿ ತಾವೂ ಪಾಲುಗೊಂಡರು. ಕಂದಕದ ಸಲಹೆ ಕೊಟ್ಟವರು ಪರ್ಷಿಯಾದಿಂದ ಬಂದಿದ್ದ ಹಝ್ರತ್ ಸಲ್ಮಾನ್(ರ). ಹೊರನಾಡಿನವರ ಮಾತಿಗೂ ಅಲ್ಲಿ ಬೆಲೆಯಿತ್ತು.

ನಮ್ಮ ದೇಶದಲ್ಲೇ ಡಾ. ಝಾಕಿರ್ ಹುಸೇನರ ಬದುಕನ್ನು ನೋಡಿ. ಅವರು 1967ರಲ್ಲಿ ರಾಷ್ಟ್ರಪತಿಯಾದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1926ರಿಂದ 1948ರವರೆಗೆ, ಅವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಮುನ್ನಡೆಸಿದರು. 1920ರಲ್ಲಿ ಅಲೀಗಢದಲ್ಲಿ ಆರಂಭವಾದ ಆ ಸಂಸ್ಥೆಗೆ ಖಿಲಾಫತ್ ಸಮಿತಿಯ ಹಣ ನಿಂತುಹೋಗಿತ್ತು. ಮುಚ್ಚಿಬಿಡೋಣ ಎನ್ನುವವರೂ ಇದ್ದರು. ಜರ್ಮನಿಯಲ್ಲಿ ಓದುತ್ತಿದ್ದ ಝಾಕಿರ್ ಹುಸೇನರು ಗೆಳೆಯರಾದ ಆಬಿದ್ ಹುಸೇನ್, ಮುಜೀಬರೊಂದಿಗೆ ಮರಳಿ ಬಂದರು. ಆಗ ಅವರಿಗೆ 29 ವರ್ಷ. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುತ್ತೇವೆಂದು ಅಲ್ಲಿನ ಅಧ್ಯಾಪಕರು ಪ್ರತಿಜ್ಞೆ ಮಾಡಿದರು. ಕಷ್ಟವನ್ನು ಸಮನಾಗಿ ಹಂಚಿಕೊಳ್ಳುವ ಮುಖ್ಯಸ್ಥನಿದ್ದರೆ ಮಾತ್ರ ಜನ ಹೀಗೆ ಜೊತೆ ನಿಲ್ಲುತ್ತಾರೆ.

1935ರಲ್ಲಿ ಓಖ್ಲಾದಲ್ಲಿ ಜಾಮಿಯಾದ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಮಂತ್ರಿಯಲ್ಲ, ನವಾಬನಲ್ಲ. ಅಲ್ಲಿನ ಅತ್ಯಂತ ಕಿರಿಯ ವಿದ್ಯಾರ್ಥಿ. ಶಾಲೆ ಯಾರದು ಎಂಬ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ಬೇಕೆ?

ಈಗ ನಮ್ಮ ಕಡೆ ತಿರುಗೋಣ. ವಿದ್ಯಾರ್ಥಿವೇತನ ಕೊಡುವಾಗ ನಾವು ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಫೋಟೊದಲ್ಲಿರುವ ಮಗು ಮುಂದಿನ ಜೂನ್‌ನಲ್ಲಿ ಶಾಲೆಗೆ ಬಂತೇ ಎಂದು ಕೇಳುವವರು ಯಾರು? ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಮನೆಯಲ್ಲೇ ಉಳಿದರೆ, ಹುಡುಗ ಗ್ಯಾರೇಜಿಗೆ ಸೇರಿದರೆ, ಹಣವೊಂದೇ ಕಾರಣವಾಗಿರುವುದಿಲ್ಲ. ಸಂಜೆ ತಡವಾಗಿ ಬರುವ ಬಸ್ಸು, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ತಂದೆಯ ಹೆದರಿಕೆ - ಅರ್ಜಿ ನಮೂನೆಯಲ್ಲಿ ಇವಕ್ಕೆ ಕಾಲಂ ಇಲ್ಲ. ಮನೆಗೆ ಹೋಗಿ, ಕುಳಿತು, ಒಂದು ಲೋಟ ಚಹಾ ಕುಡಿದವರಿಗೆ ಮಾತ್ರ ಇವು ತಿಳಿಯುತ್ತವೆ. ನಾನು ಉರ್ದು, ಕನ್ನಡ ಎರಡನ್ನೂ ಕಲಿಸುವವನು. ಮನೆಮಾತಿನಲ್ಲಿ ವಿಚಾರಿಸಿದರೆ ಪರದೆಯ ಹಿಂದಿರುವ ತಾಯಿಯೂ ಮನಬಿಚ್ಚಿ ಮಾತಾಡುತ್ತಾರೆ. ಹಾಗೆ ತಿಳಿದದ್ದನ್ನು ಕಛೇರಿಗೆ ಮುಟ್ಟಿಸಲು ಕನ್ನಡದ ಅರ್ಜಿ ಬರೆದುಕೊಡುವುದೂ ನಾಯಕನ ಕೆಲಸವೇ.

ಒಂದು ಎಚ್ಚರಿಕೆ. ಹತ್ತಿರವಾಗುವುದೆಂದರೆ ನಮ್ಮವರಿಗೆ ಮಾತ್ರ ಸಹಾಯ ಮಾಡುವುದಲ್ಲ. ಪರಿಚಯವಿಲ್ಲದ ಮನೆಯ ಬಾಗಿಲನ್ನು ಮೊದಲು ತಟ್ಟಬೇಕು.

ಆದ್ದರಿಂದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನೀವು ಒಬ್ಬೊಬ್ಬರೂ ಐದು ಮಕ್ಕಳ ಹೊಣೆ ಹೊರಿರಿ. ಶಾಲೆ ತೆರೆದಾಗ ಒಮ್ಮೆ, ಅರ್ಧವಾರ್ಷಿಕ ಪರೀಕ್ಷೆಯ ನಂತರ ಒಮ್ಮೆ, ಫಲಿತಾಂಶ ಬಂದಾಗ ಒಮ್ಮೆ ಅವರ ಮನೆಗೆ ಹೋಗಿಬನ್ನಿ. ಫೇಲಾದ ಮಗುವಿನ ಮನೆಗೆ ತಪ್ಪದೆ ಹೋಗಿ.

ವಿದ್ಯಾರ್ಥಿಗಳೇ, ನಾಯಕರಾಗಲು ನೀವು ದೊಡ್ಡವರಾಗುವವರೆಗೆ ಕಾಯಬೇಕಿಲ್ಲ. ಪಕ್ಕದ ಬೆಂಚಿನ ಗೆಳೆಯ ಮೂರು ದಿನ ಬರಲಿಲ್ಲವೇ? ಸಂಜೆ ನೋಟ್ಸ್ ಹಿಡಿದು ಅವನ ಮನೆಗೆ ಹೋಗಿ ವಿಚಾರಿಸಿ. ನಿಮ್ಮ ನಾಯಕತ್ವ ಅಲ್ಲಿಂದಲೇ ಆರಂಭವಾಗುತ್ತದೆ.

ಒಬ್ಬರ ನೋವನ್ನು ಇನ್ನೊಬ್ಬರು ಅರಿಯುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್. ವಸ್ಸಲಾಮ್.