ಅವಯವದಾನವೂ ದೇಹದ ಬಳಲಿದ ಕಾವಲುಗಾರರೂ



ಸವದತ್ತಿಯ ಸೀಮೆಗೆ ದಾನವೆಂಬ ಶಬ್ದದ ಅರ್ಥವನ್ನು ಬೇರೆಯಾಗಿ ಹೇಳುವ ಕಾರಣವಿಲ್ಲ. ಇಲ್ಲಿಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದಿಂದ ಬಿಟ್ಟುಕೊಟ್ಟರು. ಈಗ ಮನುಷ್ಯನು ತನ್ನ ಅವಯವವನ್ನೇ ದಾನಮಾಡುವ ಮಾರ್ಗವು ತೆರೆದಿರುವದು. ಆದರೆ ಹೊಲವು ಕೊಟ್ಟೊಡನೆ ಪಡೆದವನದಾಗುವದು, ಅವಯವವು ಹಾಗಲ್ಲ. ಪಡೆದವನ ದೇಹವು ಅದನ್ನು ಪರಕೀಯವೆಂದು ಬಗೆದು ಕಾಳಗಕ್ಕೆ ನಿಲ್ಲುವದು.

1954ರ ಡಿಸೆಂಬರ 23ರಂದು ಅಮೇರಿಕೆಯ ಬಾಸ್ಟನ್ ನಗರದಲ್ಲಿ ಡಾಕ್ಟರ ಜೋಸೆಫ್ ಮರೆಯವರು ಒಬ್ಬನ ಮೂತ್ರಪಿಂಡವನ್ನು ಅವನ ಸಹೋದರನಿಗೆ ಜೋಡಿಸಿ ಯಶಸ್ಸು ಪಡೆದರು. ಅವರಿಬ್ಬರು ಏಕರೂಪದ ಅವಳಿಗಳಾದುದರಿಂದ ಕಾಳಗವು ಹುಟ್ಟಲಿಲ್ಲ. ಭಾರತದಲ್ಲಿ ಈ ಕಾರ್ಯವು 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಸಿದ್ಧಿಸಿತು. ಇಂದು ಬೆಳಗಾವಿಯಲ್ಲಿಯೂ ನಡೆಯುತ್ತಿರುವದು. ಅವಳಿಗಳಲ್ಲದವರು ಮಾತ್ರ ದೇಹದ ಕಾವಲನ್ನು ತಗ್ಗಿಸುವ ಔಷಧವನ್ನು ನಿತ್ಯವೂ ಸೇವಿಸಬೇಕಾಗುವದು.

ಈ ಕಾವಲುಗಾರರು ರಕ್ತದಲ್ಲಿಯ ‘ಟಿ’ ಎಂಬ ಕಣಗಳು. ಕಾವಲು ತಗ್ಗಿದೊಡನೆ, ಎಳೆತನದಿಂದ ದೇಹದಲ್ಲಿ ಅಡಗಿದ್ದ ವೈರಸ್ಸುಗಳು ತಲೆಯೆತ್ತುವವು. ಸೈಟೊಮೆಗಲೊ ವೈರಸ್ಸು ಜ್ವರವನ್ನು ತಂದು ಕರುಳು ಶ್ವಾಸಕೋಶಗಳನ್ನು ಕೆಡಿಸಬಲ್ಲದು, ಬಿ.ಕೆ. ವೈರಸ್ಸು ದಾನವಾಗಿ ಬಂದ ಮೂತ್ರಪಿಂಡವನ್ನೇ ಹಾಳುಮಾಡಬಲ್ಲದು. ಕೋಟೆಯ ಬುರುಜಿನ ಮೇಲೆ ಹಗಲಿರುಳು ಶತ್ರುವನ್ನು ಕಾಣುತ್ತ ನಿಂತ ಭಟನು ಬಳಲುವಂತೆ, ವೈರಿಯು ಬಹುಕಾಲ ತೊಲಗದಿರಲು ಈ ಕಣಗಳೂ ಬಳಲುವವು. ಅವು ಇರುವವು, ಆದರೆ ಹೊಡೆದಾಡಲಾರವು. ಆಗ ಅವುಗಳ ಮೈಮೇಲೆ ‘ಪಿ.ಡಿ.-1’ ಎಂಬ ಕಡಿವಾಣವು ಹೆಚ್ಚಾಗಿ ತೋರುವದು. ಇದನ್ನು 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಶಾಲೆಯು ಕಂಡುಹಿಡಿಯಿತು. 2006ರಲ್ಲಿ ರಫಿ ಅಹ್ಮದರೂ ಅವರ ಸಂಗಡಿಗರೂ, ದೀರ್ಘಕಾಲ ವೈರಸ್ಸಿನಿಂದ ಪೀಡಿತವಾದ ಇಲಿಗಳಲ್ಲಿ ಈ ಕಡಿವಾಣವನ್ನು ಸಡಿಲಿಸಲು, ಬಳಲಿದ ಕಣಗಳು ಮರಳಿ ಚೇತರಿಸಿಕೊಂಡವೆಂದು ತೋರಿಸಿದರು.

ಹಾಗಾದರೆ ಕಸಿಯಾದವರಲ್ಲಿಯೂ ಕಡಿವಾಣವನ್ನು ಕಳಚಬಾರದೇಕೆ? ಇಲ್ಲಿಯೇ ವಿಷಯದ ಸೂಕ್ಷ್ಮವಿರುವದು. ವೈರಸ್ಸನ್ನು ಎದುರಿಸಲಾರದ ಬಳಲಿಕೆಯೇ ಹೊಸ ಅವಯವವನ್ನು ಕಾಳಗದಿಂದ ಕಾಯುವದೂ ಉಂಟು. ಮೂತ್ರಪಿಂಡ ಪಡೆದವರಲ್ಲಿ ಬಳಲಿದ ಕಣಗಳು ಹೆಚ್ಚಾಗಿದ್ದವರ ಅವಯವವು ಚೆನ್ನಾಗಿ ನಡೆಯಿತೆಂದು 2019ರ ಒಂದು ಪರಿಶೋಧನೆಯು ತಿಳಿಸಿತು. ಅರ್ಬುದರೋಗಕ್ಕೆಂದು ಕಡಿವಾಣ ಕಳಚುವ ಔಷಧವನ್ನು ಕೊಟ್ಟಾಗ, ಕಸಿಯಾದ ಅನೇಕರ ದೇಹವು ಅವಯವವನ್ನೇ ತಿರಸ್ಕರಿಸಿತು. ಆದುದರಿಂದ ವೈದ್ಯರು ನಡುವಣ ದಾರಿಯನ್ನು ಹಿಡಿಯುವರು: ರಕ್ತವನ್ನು ಆಗಾಗ ಪರೀಕ್ಷಿಸುವರು; ಬಿ.ಕೆ. ವೈರಸ್ಸು ಏರಿದರೆ ಕಾವಲು ತಗ್ಗಿಸುವ ಔಷಧವನ್ನು ಮೆಲ್ಲನೆ ಇಳಿಸುವರು; ಸೈಟೊಮೆಗಲೊ ವೈರಸ್ಸಿಗೆ ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಎಂಬ ಔಷಧವನ್ನು ಕೊಡುವರು.

ಈ ತಕ್ಕಡಿಯನ್ನು ರೋಗಿಯು ತಾನಾಗಿ ಮುಟ್ಟಲಾಗದು. ಮೈ ನೆಟ್ಟಗಾಯಿತೆಂದು ಗುಳಿಗೆ ನಿಲ್ಲಿಸುವದೂ, ಶಕ್ತಿ ಬರಲೆಂದು ಕಂಡವರು ಕೊಟ್ಟ ಬೇರು ಭಸ್ಮಗಳನ್ನು ಸೇವಿಸುವದೂ, ಜ್ವರ ಬಂದಾಗ ನಾಳೆ ನೋಡೋಣವೆನ್ನುವದೂ ಅವಯವಕ್ಕೂ ಪ್ರಾಣಕ್ಕೂ ಎರವಾಗುವವು. ಮೊದಲ ತಿಂಗಳುಗಳಲ್ಲಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಯಂಥ ಜನಸಂದಣಿಯಿಂದ ದೂರವಿರುವದು ಲೇಸು; ನೆರೆಹೊರೆಯವರು ಅದನ್ನು ಅಭಕ್ತಿಯೆಂದು ಹಳಿಯಬಾರದು. ಅವಯವವನ್ನು ಕೊಟ್ಟವರು ಒಮ್ಮೆ ಕೊಟ್ಟರು; ಪಡೆದವರು ಅದನ್ನು ದಿನದಿನವೂ ಕಾಯಬೇಕು. ದಾನಿಗೆ ಸಲ್ಲುವ ನಿಜವಾದ ಕೃತಜ್ಞತೆ ಇದೇ.

ಸರ್ವರಿಗೂ ಆರೋಗ್ಯಭಾಗ್ಯವುಂಟಾಗಲಿ.