ಏನು ಬಿಟ್ರಿ ಅಂತಲ್ಲ, ಏನು ತಿಂತಿದ್ರಿ ಹೇಳಿ

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಮಾತು ಶುರುವಾಗೋದೇ ಟಾಯ್ಲೆಟ್‌ನಿಂದ. ಊಟ ಮಾಡ್ತಾ ನೋಡ್ತಿರೋರು ಆಮೇಲೆ ನೋಡಿ.

ನಾನು ಹಾಸನದವನು. ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇಲ್ಲಿಗೆ ಬಂದ ಎರಡನೇ ವರ್ಷ ಮಲದಲ್ಲಿ ರಕ್ತ ಕಾಣಿಸಿತು. ಪೈಲ್ಸ್ ಇರಬೇಕು ಅಂದ್ಕೊಂಡು ಮೆಡಿಕಲ್ ಶಾಪ್‌ನಿಂದ ಮುಲಾಮು ತಂದೆ. ಅಮ್ಮ ಫೋನಲ್ಲಿ, "ದಿನಾ ಚಪಾತಿ ತಿಂದು ಉಷ್ಣ ಆಗಿದೆ ಕಣೋ, ಮಜ್ಜಿಗೆ ಕುಡಿ" ಅಂದ್ರು. ನಾಲ್ಕು ತಿಂಗಳು ಹಾಗೇ ಕಳೆದೆ. ದಿನಕ್ಕೆ ಹತ್ತು ಸಲ ಓಡೋದು. ಮೆಟ್ರೋ ಹಳದಿ ಲೈನಿನಲ್ಲಿ ಯಾವ ಸ್ಟೇಷನ್‌ನ ಟಾಯ್ಲೆಟ್ ಎಲ್ಲಿದೆ ಅನ್ನೋದು ನನಗೆ ಬಾಯಿಪಾಠ ಆಗಿತ್ತು.

ಕೊನೆಗೆ ಕೊಲೊನೋಸ್ಕೋಪಿ, ಬಯಾಪ್ಸಿ. ಅಲ್ಸರೇಟಿವ್ ಕೊಲೈಟಿಸ್ ಅಂದ್ರು. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಇದರ ದಾಯಾದಿ ಕ್ರೋನ್ಸ್. ಅದು ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ನಮ್ಮ ದೇಶದಲ್ಲಿ ಕರುಳಿನ ಟಿ.ಬಿ.ಯೂ ಕ್ರೋನ್ಸ್ ಥರಾನೇ ಕಾಣಿಸುತ್ತೆ. ಹಾಗಾಗಿ ಗೂಗಲ್ ನೋಡಿ ತೀರ್ಮಾನ ಮಾಡೋ ಕಾಯಿಲೆ ಅಲ್ಲ ಇದು.

ಮೆಸಲಮೈನ್ ಮಾತ್ರೆ ಕೊಟ್ರು, ಆರು ವಾರದಲ್ಲಿ ರಕ್ತ ನಿಂತಿತು. ತಪ್ಪು ಮಾಡಿದ್ದು ಆಮೇಲೆ. ಡಯಟ್‌ನಿಂದಲೇ ವಾಸಿ ಅನ್ನೋ ವಿಡಿಯೋಗಳನ್ನ ರಾತ್ರಿಯೆಲ್ಲಾ ನೋಡಿದೆ. ಗೋಧಿ ಬಿಟ್ಟೆ, ಹಾಲು ಬಿಟ್ಟೆ, ಬೇಳೆ ಬಿಟ್ಟೆ, ಕೊನೆಗೆ ಮಾತ್ರೆನೂ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮೂರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದೆ. ಜನವರಿಯ ಒಂದು ಬೆಳಗ್ಗೆ ಬಾತ್‌ರೂಮಿನಲ್ಲೇ ಕುಸಿದುಬಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಇಷ್ಟೇ: ಸ್ಟೀರಾಯ್ಡ್‌ಗೂ ಅದರ ಮುಂದಿನ ಔಷಧಕ್ಕೂ ಬಗ್ಗದಿದ್ರೆ ದೊಡ್ಡ ಕರುಳನ್ನೇ ತೆಗೀಬೇಕಾಗಬಹುದು. ನನಗಾಗ 28 ವರ್ಷ.

ಪುಣ್ಯಕ್ಕೆ ಬಗ್ಗಿತು. ಆಮೇಲೆ ಡಯಟಿಷಿಯನ್ ಬಂದ್ರು. ನಾನು ಹೆಮ್ಮೆಯಿಂದ ನನ್ನ ಪಥ್ಯದ ಪಟ್ಟಿ ಒಪ್ಪಿಸಿದೆ. ಅವರು, "ಏನೇನು ಬಿಟ್ರಿ ಅಂತ ಹೇಳಿದ್ರಿ. ಏನು ತಿಂತಿದ್ರಿ, ಅದನ್ನ ಹೇಳಿ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಹಾಗಾದ್ರೆ ಡಯಟ್ ಅನ್ನೋದು ಸುಳ್ಳಾ? ಅಲ್ಲ. ಇಲ್ಲೇ ದೆಹಲಿಯ ಏಮ್ಸ್‌ನಲ್ಲಿ ಡಾ. ವಿನೀತ್ ಅಹುಜಾ ಅವರ ತಂಡ ಇದನ್ನ ಪರೀಕ್ಷೆ ಮಾಡಿ ನೋಡಿದೆ. 2021ರ ಅಧ್ಯಯನದಲ್ಲಿ, ತೀವ್ರ ಕೊಲೈಟಿಸ್ ಆಗಿ ದಾಖಲಾದವರಿಗೆ ಸ್ಟೀರಾಯ್ಡ್ ಜೊತೆಗೆ ಏಳು ದಿನ ಬರೀ ದ್ರವರೂಪದ ಪೌಷ್ಟಿಕ ಆಹಾರ ಕೊಟ್ರು. ಅವರಲ್ಲಿ ಸ್ಟೀರಾಯ್ಡ್ ಫಲಿಸದೆ ಹೋದವರು ಕಡಿಮೆ. 2022ರಲ್ಲಿ ಕಾಯಿಲೆ ಅಷ್ಟು ತೀವ್ರ ಇಲ್ಲದ 66 ಜನರ ಮೇಲೆ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಒಂದು ಗುಂಪಿಗೆ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾ ವರ್ಗಾವಣೆ, ಜೊತೆಗೆ ಆಹಾರಕ್ರಮ. ಗೋಧಿ, ಹಾಲು, ಸಕ್ಕರೆ, ಪ್ಯಾಕೆಟ್ ತಿಂಡಿ ಬೇಡ. ಹಣ್ಣು, ತರಕಾರಿ, ಹುದುಗು ಬಂದ ಆಹಾರ ಬೇಕು. ಆ ಗುಂಪು ಚೆನ್ನಾಗಿ ಚೇತರಿಸಿಕೊಳ್ತು. ಆದ್ರೆ ಗಮನಿಸಿ, ಇದೆಲ್ಲಾ ನಡೆದದ್ದು ಡಾಕ್ಟರ್ ಉಸ್ತುವಾರಿಯಲ್ಲಿ. ನನ್ನ ಹಾಗೆ ಕದ್ದುಮುಚ್ಚಿ ಅಲ್ಲ.

ಹುದುಗು ಬಂದ ಆಹಾರ ಅಂದಾಗ ಅಮ್ಮ, "ಅಂದ್ರೆ ಇಡ್ಲಿ ತಾನೇ?" ಅಂದ್ರು. ಇಡ್ಲಿ ಔಷಧ ಅಲ್ಲ. ಆದ್ರೆ ಕ್ಯಾಂಟೀನಿನ ಛೋಲೆ ಭಟೂರೆಗಿಂತ ನನ್ನ ಹೊಟ್ಟೆಗೆ ಅದೇ ವಾಸಿ. ಡೆಲ್ಲಿ ಚಳಿಯಲ್ಲಿ ಹಿಟ್ಟು ಉಬ್ಬಲ್ಲ. ಕುಕ್ಕರ್‌ನಲ್ಲಿ ಬಿಸಿನೀರು ಹಾಕಿ ಅದರೊಳಗೆ ಪಾತ್ರೆ ಇಡ್ತೀನಿ.

ಈಗ ನನ್ನ ಕ್ರಮ ಇದು. ಕಾಯಿಲೆ ಕೆರಳಿದಾಗ ಮೆತ್ತಗಿನ ಅನ್ನ, ತೆಳ್ಳಗಿನ ಹೆಸರುಬೇಳೆ, ಸೋರೆಕಾಯಿ. ಶಾಂತ ಆದಮೇಲೆ ಸೊಪ್ಪು, ರಾಗಿ ಒಂದೊಂದಾಗಿ ವಾಪಸ್. ತಿಂದದ್ದು, ಹೊಟ್ಟೆ ಹೇಗಿತ್ತು ಅನ್ನೋದು ಒಂದು ನೋಟ್‌ಬುಕ್‌ನಲ್ಲಿ. ನಮ್ಮ ಭಾಷೇಲಿ ಹೇಳೋದಾದ್ರೆ, ಒಂದು ಸಲಕ್ಕೆ ಒಂದೇ ಚೇಂಜ್. ಇಲ್ಲಾಂದ್ರೆ ಬಗ್ ಎಲ್ಲಿಂದ ಬಂತು ಗೊತ್ತಾಗಲ್ಲ. ಮಾತ್ರೆ ತಪ್ಪಿಸಲ್ಲ. ಡಾಕ್ಟರ್ ಹೇಳಿದಾಗ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಮಲಪರೀಕ್ಷೆ. ಹೊಟ್ಟೆ ಸುಮ್ಮನಿದ್ರೂ ಒಳಗೆ ಉರಿಯೂತ ಇರಬಹುದು.

ಮ್ಯಾನೇಜರ್‌ಗೂ ಹೇಳಿದೆ. ಎರಡು ವರ್ಷ ಮುಚ್ಚಿಟ್ಟಿದ್ದನ್ನ ಹೇಳೋಕೆ ಎರಡು ನಿಮಿಷ ಸಾಕಾಯ್ತು. ಈಗ ಟಾಯ್ಲೆಟ್ ಹತ್ರದ ಸೀಟು ನನ್ನದು.

ಮನೆಯಿಂದ ದೂರ ಒಬ್ಬರೇ ಇರೋರಿಗೆ ಒಂದೇ ಮಾತು. ರಕ್ತ ಕಂಡ್ರೆ ನಾಚ್ಕೋಬೇಡಿ, ಮುಲಾಮು ಹಚ್ಚಿ ಕೂರಬೇಡಿ. ಡಾಕ್ಟರ್‌ಗೆ ತೋರಿಸಿ. ಅಮ್ಮನಿಗೂ ನಿಜ ಹೇಳಿ.